ತೊಡೆಸಂದಿನಿಂದ ಹೃದಯಕ್ಕೆ: ಒಂದು ಕವಾಟದ ಇತಿಹಾಸ

1985ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ರುವಾನ್ ನಗರದ ಶಾರ್ಲ್ ನಿಕೋಲ್ ಆಸ್ಪತ್ರೆಯಲ್ಲಿ 72 ವರ್ಷದ ಮಹಿಳೆಯೊಬ್ಬರು ದಾಖಲಾಗಿದ್ದರು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಜಾಗದಲ್ಲಿರುವ ಮಹಾಪಧಮನಿಯ ಕವಾಟ ಅವರಲ್ಲಿ ಸುಣ್ಣಗಟ್ಟಿ ಕಿರಿದಾಗಿತ್ತು. ಮತ್ತೆ ಮತ್ತೆ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಕವಾಟ ಬದಲಿಸುವ ಶಸ್ತ್ರಚಿಕಿತ್ಸೆ ಆಗಲೇ ಇತ್ತು, ಅದಕ್ಕೆ ಕಾಲು ಶತಮಾನದ ಅನುಭವವೂ ಇತ್ತು. ಆದರೆ ಈಕೆಗೆ ವಯಸ್ಸಾಯಿತು, ಎದೆ ತೆರೆದರೆ ತಾಳಿಕೊಳ್ಳಲಾರರು ಎಂದು ಶಸ್ತ್ರಚಿಕಿತ್ಸಕರು ಕೈ ಹಿಂದೆಗೆದರು. ಇಂದು 72ರ ವಯಸ್ಸಿನ ಕಾರಣಕ್ಕೆ ಯಾವ ಹೃದಯ ತಜ್ಞರೂ ರೋಗಿಯನ್ನು ಹಾಗೆ ಮನೆಗೆ ಕಳುಹಿಸುವುದಿಲ್ಲ. ಆ ಮಾತು ಅಂದಿಗೆ ಸಹಜವಾಗಿತ್ತು ಎನ್ನುವುದನ್ನು ನೆನಪಿಟ್ಟುಕೊಂಡರೆ ಮಾತ್ರ ಮುಂದಿನ 40 ವರ್ಷಗಳ ಕಥೆ ಅರ್ಥವಾಗುತ್ತದೆ.

ಎದೆ ಸೀಳದೆ, ತೊಡೆಸಂದಿನ ರಕ್ತನಾಳದೊಳಗಿಂದ ತೂರಿಸಿ ಹೃದಯದಲ್ಲಿ ಹೊಸ ಕವಾಟ ಕೂರಿಸುವ ಚಿಕಿತ್ಸೆಗೆ ವೈದ್ಯರು ಟ್ಯಾವಿ ಎನ್ನುತ್ತಾರೆ, ಅಮೆರಿಕದಲ್ಲಿ ಟ್ಯಾವರ್. ಇದರ ಇತಿಹಾಸವನ್ನು ಸಾಮಾನ್ಯವಾಗಿ ಒಬ್ಬ ಧೀರ ವೈದ್ಯನ ಸಾಹಸವಾಗಿ ಹೇಳಲಾಗುತ್ತದೆ. ಸಾಹಸ ಇತ್ತು, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಸಾಹಸವಷ್ಟೇ ಇದ್ದ ಎಷ್ಟೋ ಚಿಕಿತ್ಸೆಗಳು ವೈದ್ಯಕೀಯ ಇತಿಹಾಸದಲ್ಲಿ ಬಂದು ಹೋಗಿವೆ. ಇದು ಉಳಿದದ್ದಕ್ಕೆ ಕಾರಣ ಬೇರೆ. ಬೇರೆ ದಾರಿಯೇ ಇಲ್ಲದ ರೋಗಿಗಳಿಂದ ಇದು ಶುರುವಾಯಿತು. ಅವರಿಗೆ ಒಳ್ಳೆಯದಾಗುತ್ತದೆ ಎಂದು ಲೆಕ್ಕ ಸಮೇತ ತೋರಿಸಿದ ಮೇಲೆ ಅವರಿಗಿಂತ ಸ್ವಲ್ಪ ಗಟ್ಟಿಯಾದವರ ಕಡೆಗೆ, ಅಲ್ಲಿಯೂ ತೋರಿಸಿದ ಮೇಲೆ ಇನ್ನಷ್ಟು ಗಟ್ಟಿಯಾದವರ ಕಡೆಗೆ ಬಂತು. ಈ ಕ್ರಮವೇ ಇದರ ನಿಜವಾದ ಬಲ ಎಂಬುದು ನನ್ನ ವಾದ. ಆ ಕ್ರಮ ಈಗ ಸಡಿಲವಾಗುತ್ತಿರುವುದರಿಂದ ಈ ವಾದವನ್ನು ಇಂದು ಮಾಡಬೇಕಾಗಿದೆ.

ಮೊದಲು ಕಾಯಿಲೆಯ ವಿಷಯ. ಆರೋಗ್ಯವಂತರಲ್ಲಿ ಮೂರು ತೆಳು ಎಸಳುಗಳ ಈ ಕವಾಟ ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತದೆ. ಪೂರ್ತಿ ತೆರೆದಾಗ ರಕ್ತಕ್ಕೆ 3ರಿಂದ 4 ಚದರ ಸೆಂಟಿಮೀಟರ್ ಜಾಗ ಸಿಗುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಎಸಳುಗಳ ಮೇಲೆ ಕ್ಯಾಲ್ಸಿಯಂ ಕೂತು ಅವು ಕಲ್ಲಿನಂತಾಗುತ್ತವೆ. ಜಾಗ ಒಂದು ಚದರ ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಕಾಯಿಲೆ ತೀವ್ರ ಎಂದರ್ಥ. ಎಡ ಹೃತ್ಕುಕ್ಷಿ ಆ ಸಣ್ಣ ಸಂದಿಯಿಂದಲೇ ಮೈಗೆ ಬೇಕಾದ ರಕ್ತವನ್ನೆಲ್ಲ ದೂಡಲು ಹೆಣಗಿ ದಪ್ಪವಾಗುತ್ತದೆ, ಕೊನೆಗೆ ಸೋಲುತ್ತದೆ. ಈ ಹೆಣಗಾಟ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ, ರೋಗಿಗೆ ಏನೂ ಅನ್ನಿಸುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಕಾಲ ಬೇಗ ಓಡುತ್ತದೆ. 1968ರಲ್ಲಿ ಜಾನ್ ರಾಸ್ ಮತ್ತು ಯೂಜೀನ್ ಬ್ರಾನ್‌ವಾಲ್ಡ್ ಎಂಬ ಅಮೆರಿಕದ ಇಬ್ಬರು ತಜ್ಞರು ಕೊಟ್ಟ ಲೆಕ್ಕ ಇಂದಿಗೂ ವೈದ್ಯ ವಿದ್ಯಾರ್ಥಿಗಳ ಬಾಯಲ್ಲಿದೆ: ಎದೆನೋವು ಶುರುವಾದವರು ಸರಾಸರಿ 5 ವರ್ಷ, ಪ್ರಜ್ಞೆ ತಪ್ಪುವವರು 3 ವರ್ಷ, ಹೃದಯ ಸೋತು ಏದುಸಿರು ಬಿಡುವವರು 2 ವರ್ಷ. ಇದಕ್ಕೆ ಮಾತ್ರೆ ಇಲ್ಲ. ಕೊಬ್ಬು ಕರಗಿಸುವ ಸ್ಟ್ಯಾಟಿನ್ ಮಾತ್ರೆಗಳಾದರೂ ಈ ಸುಣ್ಣವನ್ನು ತಡೆದಾವು ಎಂಬ ಆಸೆ ಇತ್ತು, ಪರೀಕ್ಷೆಗಳಲ್ಲಿ ಅದೂ ಹುಸಿಯಾಯಿತು. ಕೆಟ್ಟ ಕವಾಟವನ್ನು ಬದಲಿಸುವುದೊಂದೇ ಮದ್ದು.

ಬದಲಿಸುವ ವಿದ್ಯೆ 1960ರಲ್ಲಿ ಕೈಗೆ ಬಂತು. ಅದಕ್ಕೂ ಮೊದಲು 1952ರಲ್ಲಿ ಚಾರ್ಲ್ಸ್ ಹಫ್‌ನಾಗೆಲ್ ಎಂಬ ಶಸ್ತ್ರಚಿಕಿತ್ಸಕ ಪ್ಲಾಸ್ಟಿಕ್ ಗುಂಡಿನ ಕವಾಟವನ್ನು ಮಹಾಪಧಮನಿಯ ಕೆಳಭಾಗದಲ್ಲಿ ಕೂರಿಸಿದ್ದರು, ಏಕೆಂದರೆ ಹೃದಯವನ್ನು ನಿಲ್ಲಿಸಿ ಒಳಗೆ ಕೈಹಾಕುವ ಉಪಾಯ ಆಗ ಇರಲಿಲ್ಲ. 1953ರಲ್ಲಿ ಜಾನ್ ಗಿಬ್ಬನ್ ಅವರ ಹೃದಯ-ಶ್ವಾಸಕೋಶ ಯಂತ್ರ ಮನುಷ್ಯರ ಮೇಲೆ ಯಶಸ್ವಿಯಾದ ಮೇಲೆ ಆ ಅಡ್ಡಿ ಹೋಯಿತು. 1960ರಲ್ಲಿ ಡ್ವೈಟ್ ಹಾರ್ಕೆನ್ ಮಹಾಪಧಮನಿಯ ಕವಾಟದ ಜಾಗದಲ್ಲೇ ಕೃತಕ ಕವಾಟ ಹೊಲಿದರು; ಅದೇ ವರ್ಷ ಒರೆಗಾನ್‌ನಲ್ಲಿ ಆಲ್ಬರ್ಟ್ ಸ್ಟಾರ್, ಲೋವೆಲ್ ಎಡ್ವರ್ಡ್ಸ್ ಎಂಬ ಎಂಜಿನಿಯರ್ ಜೊತೆ ಸೇರಿ ರೂಪಿಸಿದ ಕವಾಟವನ್ನು ಹೃದಯದ ಎಡಭಾಗದ ಇನ್ನೊಂದು ಕವಾಟವಾದ ಮೈಟ್ರಲ್ ಜಾಗಕ್ಕೆ ಹಾಕಿದರು. ಅಲ್ಲಿಂದ ಮುಂದಕ್ಕೆ ಲಕ್ಷಾಂತರ ಜನ ಬದುಕಿದರು. ಈ ಶಸ್ತ್ರಚಿಕಿತ್ಸೆ ಕಳೆದ ಶತಮಾನದ ಅತ್ಯುತ್ತಮ ಸಾಧನೆಗಳಲ್ಲಿ ಒಂದು, ಟ್ಯಾವಿಯನ್ನು ಹೊಗಳುವ ಭರದಲ್ಲಿ ಅದನ್ನು ಹಳೆಯದೆಂದು ತಳ್ಳುವುದು ತಪ್ಪು. ಆದರೆ ಅದರ ಬೆಲೆಯೂ ದೊಡ್ಡದು. ಎದೆಮೂಳೆಯನ್ನು ಉದ್ದಕ್ಕೆ ಕೊಯ್ಯಬೇಕು, ಹೃದಯ ನಿಲ್ಲಿಸಬೇಕು, ರಕ್ತವನ್ನು ಯಂತ್ರದಲ್ಲಿ ತಿರುಗಿಸಬೇಕು. ಈ ಕಾಯಿಲೆ ಬರುವುದೇ ಹೆಚ್ಚಾಗಿ ಮುಪ್ಪಿನಲ್ಲಿ. ಹೀಗಾಗಿ ಯಾರಿಗೆ ಚಿಕಿತ್ಸೆ ಹೆಚ್ಚು ಬೇಕೋ ಅವರೇ ಅದನ್ನು ತಾಳಿಕೊಳ್ಳಲಾರದವರು. ಯುರೋಪಿನ ಹಲವು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಸಮೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. ಲಕ್ಷಣಗಳಿದ್ದ, ಕಾಯಿಲೆ ತೀವ್ರವಾಗಿದ್ದ, 75 ದಾಟಿದ ರೋಗಿಗಳಲ್ಲಿ ಶೇ 33 ಜನರಿಗೆ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಲಾಗಿತ್ತು. ನಿರಾಕರಣೆಗೆ ಮುಖ್ಯ ಕಾರಣಗಳಲ್ಲಿ ವಯಸ್ಸೂ ಒಂದಾಗಿತ್ತು. ಮೂವರಲ್ಲಿ ಒಬ್ಬರು! ಟ್ಯಾವಿ ಹುಟ್ಟಿದ್ದು ಈ ಮೂರನೆಯವರ ಕೋಣೆಯಲ್ಲಿ.

ರುವಾನಿನ ಆ ಮಹಿಳೆಗೆ ಚಿಕಿತ್ಸೆ ಕೊಟ್ಟವರು ಅಲೈನ್ ಕ್ರಿಬಿಯೆ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳವನ್ನು ಬಲೂನಿನಿಂದ ಅಗಲಿಸಿ ತೋರಿಸಿದ್ದರು. ಆ ಬಲೂನನ್ನೇ ದೊಡ್ಡದು ಮಾಡಿ ಸುಣ್ಣಗಟ್ಟಿದ ಕವಾಟದೊಳಗೆ ಯಾಕೆ ಉಬ್ಬಿಸಬಾರದು ಎಂದು ಕ್ರಿಬಿಯೆ ಯೋಚಿಸಿದರು. ಉಬ್ಬಿಸಿದರು, ಎಸಳುಗಳ ಬಿಗಿ ಸಡಿಲವಾಯಿತು, ರೋಗಿಗಳು ಚೇತರಿಸಿಕೊಂಡರು. 1986ರ ಆರಂಭದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೂವರು ರೋಗಿಗಳ ವರದಿ ಬರುತ್ತಲೇ ಜಗತ್ತಿನ ಎಲ್ಲೆಡೆ ವೈದ್ಯರು ಈ ಬಲೂನಿನ ಹಿಂದೆ ಬಿದ್ದರು. ಸಂಭ್ರಮ ಬಹಳ ಕಾಲ ಉಳಿಯಲಿಲ್ಲ. ಒಂದು ವರ್ಷದೊಳಗೆ ಬಹುಪಾಲು ರೋಗಿಗಳಲ್ಲಿ ಕವಾಟ ಮತ್ತೆ ಬಿಗಿದುಕೊಂಡಿತು, ಆಯುಸ್ಸು ಹೆಚ್ಚಲಿಲ್ಲ. ತೊಂಬತ್ತರ ದಶಕ ಬರುವಷ್ಟರಲ್ಲಿ ಹೆಚ್ಚಿನವರು ಬಲೂನನ್ನು ಕೈಬಿಟ್ಟರು. ನಮ್ಮ ಕಡೆ ಬಲೂನ್ ಎಂದರೆ ನೆನಪಾಗುವುದು ರುಮ್ಯಾಟಿಕ್ ಜ್ವರದಿಂದ ಕೆಟ್ಟ ಮೈಟ್ರಲ್ ಕವಾಟ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ದೊಡ್ಡ ಪ್ರಮಾಣದಲ್ಲಿ ನಡೆದಿದೆ, ಅದರ ಫಲ ಹಲವು ವರ್ಷ ನಿಲ್ಲುತ್ತದೆ. ಅಲ್ಲಿ ಎಸಳುಗಳು ಅಂಚಿನಲ್ಲಿ ಅಂಟಿಕೊಂಡಿರುತ್ತವೆ, ಬಲೂನು ಆ ಅಂಟನ್ನು ಬಿಡಿಸುತ್ತದೆ. ಮುಪ್ಪಿನ ಮಹಾಪಧಮನಿ ಕವಾಟದಲ್ಲಿ ಬಿಡಿಸಲು ಅಂಟೇ ಇಲ್ಲ, ಎಸಳೇ ಕಲ್ಲಾಗಿದೆ. ಕಲ್ಲು ಬಿರುಕು ಬಿಟ್ಟರೂ ಕಲ್ಲಾಗಿಯೇ ಉಳಿಯುತ್ತದೆ.

ಹಾಗಾದರೆ ಬಲೂನು ಹಿಗ್ಗಿಸಿದ ಜಾಗ ಮತ್ತೆ ಮುಚ್ಚದಂತೆ ಅಲ್ಲೇ ಒಂದು ಹೊಸ ಕವಾಟವನ್ನು ಬಿಟ್ಟು ಬಂದರೆ? ಈ ಯೋಚನೆ ಮೊದಲು ಕೆಲಸವಾಗಿ ಕಂಡದ್ದು ಡೆನ್ಮಾರ್ಕಿನಲ್ಲಿ. 1989ರ ಫೆಬ್ರವರಿಯಲ್ಲಿ ಹೆನ್ನಿಂಗ್ ರುಡ್ ಆಂಡರ್ಸನ್ ಎಂಬ ಯುವ ಹೃದಯ ವೈದ್ಯ ಅಮೆರಿಕದ ಅರಿಜೋನಾದಲ್ಲಿ ನಡೆದ ಸಮ್ಮೇಳನಕ್ಕೆ ಹೋಗಿ, ರಕ್ತನಾಳವನ್ನು ತೆರೆದಿಡುವ ಲೋಹದ ಸ್ಟೆಂಟ್ ಬಗ್ಗೆ ಹೂಲಿಯೊ ಪಾಲ್ಮಾಜ್ ಮಾಡಿದ ಭಾಷಣ ಕೇಳಿದರು. ಆ ಸ್ಟೆಂಟನ್ನು ದೊಡ್ಡದಾಗಿ ಮಾಡಿ ಒಳಗೆ ಕವಾಟ ಹೊಲಿದರೆ ಆಯಿತಲ್ಲ ಎಂಬುದು ಅಲ್ಲೇ ಹೊಳೆಯಿತು. ಆರ್ಹುಸ್ ನಗರಕ್ಕೆ ಮರಳಿ, ಉಕ್ಕಿನ ತಂತಿಯನ್ನು ಕೈಯಿಂದಲೇ ಅಂಕುಡೊಂಕಾಗಿ ಬಗ್ಗಿಸಿ ಬಳೆಯಾಕಾರದ ಸ್ಟೆಂಟ್ ಮಾಡಿದರು. ಕಟುಕರಿಂದ ಹಂದಿಯ ಹೃದಯಗಳನ್ನು ಕೊಂಡು ತಂದು, ಅವುಗಳ ಕವಾಟವನ್ನು ಬಿಡಿಸಿ ಆ ತಂತಿಗೆ ಹೊಲಿದರು. ಮಡಿಸಿದ ಕೊಡೆಯಂತೆ ಇಡೀ ಕವಾಟವನ್ನು ಬಲೂನಿನ ಮೇಲೆ ಅದುಮಿ, 1989ರ ಮೇ 1ರಂದು ಬದುಕಿದ್ದ ಹಂದಿಯೊಂದರ ಹೃದಯಕ್ಕೆ ಕಳುಹಿಸಿ ಬಲೂನು ಉಬ್ಬಿಸಿದರು. ಕವಾಟ ಅರಳಿತು, ಕೆಲಸ ಮಾಡಿತು. ಈ ಪ್ರಯೋಗದ ವರದಿಯನ್ನು ಪತ್ರಿಕೆಗಳು ತಿರಸ್ಕರಿಸಿದವು. ಕೊನೆಗೆ 1992ರಲ್ಲಿ ಯುರೋಪಿಯನ್ ಹಾರ್ಟ್ ಜರ್ನಲ್ ಪ್ರಕಟಿಸಿತು. ಆಂಡರ್ಸನ್ ಪೇಟೆಂಟ್ ಪಡೆದರು, ಕಂಪನಿಗಳ ಬಾಗಿಲು ತಟ್ಟಿದರು. ವರ್ಷಗಟ್ಟಲೆ ಅದು ಮುಂದೆ ಸರಿಯಲಿಲ್ಲ. ಇಂದು ಕೋಟಿಗಟ್ಟಲೆ ವ್ಯವಹಾರವಿರುವ ಕ್ಷೇತ್ರದ ಮೂಲಪುರುಷನ ಹೆಸರು ಹೊರಗಿನವರಿಗೆ ಹೆಚ್ಚು ಗೊತ್ತಿಲ್ಲದಿರುವುದು ನನಗೆ ಬೇಸರದ ಸಂಗತಿ.

ಕ್ರಿಬಿಯೆ ಇದೇ ಗುರಿಗೆ ಇನ್ನೊಂದು ಕಡೆಯಿಂದ ಹೊರಟಿದ್ದರು. ಹಂದಿಯ ಕವಾಟ ಮೃದು. ಮನುಷ್ಯರ ಸುಣ್ಣಗಟ್ಟಿದ ಕವಾಟದಲ್ಲಿ ಸ್ಟೆಂಟ್ ನಿಂತೀತೇ ಎನ್ನುವುದು ಅವರ ಪ್ರಶ್ನೆ. 1994ರ ಹೊತ್ತಿಗೆ ಈ ಕಾಯಿಲೆಯಿಂದ ತೀರಿಕೊಂಡ 12 ಜನರ ಹೃದಯಗಳಲ್ಲಿ ಶವಪರೀಕ್ಷೆಯ ವೇಳೆ ಪಾಲ್ಮಾಜ್ ಸ್ಟೆಂಟ್ ಹಿಗ್ಗಿಸಿ ನೋಡಿದರು. ಸುಣ್ಣವೇ ಸ್ಟೆಂಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಎಳೆದು ತೆಗೆಯಲು ಬಹಳ ಬಲ ಬೇಕಾಯಿತು. ಸ್ಟೆಂಟಿನ ಎತ್ತರ ಸರಿಯಾಗಿದ್ದರೆ ಮೇಲಿನ, ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳ ಬಾಯಿಯಾಗಲಿ ಕೆಳಗಿನ ಮೈಟ್ರಲ್ ಕವಾಟವಾಗಲಿ ಮುಚ್ಚಿಹೋಗುವುದಿಲ್ಲ ಎಂಬುದೂ ಖಚಿತವಾಯಿತು. ಇಷ್ಟು ಕೈಯಲ್ಲಿ ಹಿಡಿದು ದೊಡ್ಡ ಕಂಪನಿಗಳ ಬಳಿಗೆ ಹೋದರೆ ಎಲ್ಲೆಡೆ ಇಲ್ಲ ಎಂದರು. ಸ್ಟೆಂಟ್ ಜಾರಿ ಹೋಗುತ್ತದೆ, ಕೊರೊನರಿ ಮುಚ್ಚುತ್ತದೆ, ಸುಣ್ಣದ ಚೂರು ಮಿದುಳಿಗೆ ಹೋಗಿ ಲಕ್ವ ಹೊಡೆಯುತ್ತದೆ, ಪಕ್ಕದಿಂದ ರಕ್ತ ಸೋರುತ್ತದೆ ಎನ್ನುವುದು ತಜ್ಞರ ಆಕ್ಷೇಪ. ಗಮನಿಸಬೇಕಾದ್ದೇನೆಂದರೆ ಈ ಆಕ್ಷೇಪಗಳಲ್ಲಿ ಒಂದೂ ಸುಳ್ಳಾಗಲಿಲ್ಲ. ಮುಂದೆ ಇವೆಲ್ಲವೂ ರೋಗಿಗಳಲ್ಲಿ ಕಂಡವು. ತಜ್ಞರು ತಪ್ಪಿದ್ದು ಅಪಾಯದ ಪಟ್ಟಿಯಲ್ಲಿ ಅಲ್ಲ. ಏನೂ ಮಾಡದೆ ಬಿಟ್ಟರೆ ಆ ರೋಗಿಗಳಿಗೆ ಏನಾಗುತ್ತದೆ ಎಂಬುದನ್ನು ತಕ್ಕಡಿಯ ಇನ್ನೊಂದು ಕಡೆ ಇಡಲಿಲ್ಲ. 1999ರಲ್ಲಿ ಕ್ರಿಬಿಯೆ, ಅಮೆರಿಕದ ಮಾರ್ಟಿನ್ ಲಿಯಾನ್ ಮತ್ತು ಇನ್ನಿಬ್ಬರು ಸೇರಿ ತಮ್ಮದೇ ಸಣ್ಣ ಕಂಪನಿ ಕಟ್ಟಿದರು. ಇಸ್ರೇಲಿನ ಎಂಜಿನಿಯರ್‌ಗಳು ಕವಾಟದ ವಿನ್ಯಾಸ ಮಾಡಿದರು, ಪ್ಯಾರಿಸ್‌ನಲ್ಲಿ ಕುರಿಗಳ ಮೇಲೆ ಪರೀಕ್ಷೆ ನಡೆಯಿತು. ಇದೇ ಹೊತ್ತಿಗೆ, 2000ದಲ್ಲಿ, ಪ್ಯಾರಿಸ್‌ನಲ್ಲೇ ಫಿಲಿಪ್ ಬಾನ್‌ಹೋಫರ್ 12 ವರ್ಷದ ಹುಡುಗನಿಗೆ ಶ್ವಾಸಕೋಶದ ಕಡೆಯ ಕವಾಟವನ್ನು ಕ್ಯಾಥೆಟರ್ ಎಂಬ ಸಪೂರ ಕೊಳವೆಯ ಮೂಲಕ ಕೂರಿಸಿದ್ದರು. ದಾರಿ ಇದೆ ಎಂಬುದಕ್ಕೆ ಅದೊಂದು ಸಾಕ್ಷಿ.

2002ರ ಏಪ್ರಿಲ್ 16ರಂದು ರುವಾನಿನಲ್ಲಿ ಈ ಹೊಸ ಕವಾಟವನ್ನು ಮೊದಲು ಪಡೆದ ರೋಗಿಗೆ 57 ವರ್ಷ. ಹೃದಯ ಸಂಪೂರ್ಣ ಸೋತು ರಕ್ತದೊತ್ತಡ ಕುಸಿದಿತ್ತು. ಕಾಲಿಗೆ ರಕ್ತ ಹೋಗುತ್ತಿರಲಿಲ್ಲ, ಬೇರೆ ಕಾಯಿಲೆಗಳೂ ಇದ್ದವು. ಶಸ್ತ್ರಚಿಕಿತ್ಸಕರು ಒಪ್ಪಿರಲಿಲ್ಲ. ಬಲೂನು ಹಾಕಿದ್ದರು, ಅದರ ಫಲ ನಿಲ್ಲಲಿಲ್ಲ. ಕಾಲಿನ ಅಪಧಮನಿಗಳು ಕೆಟ್ಟಿದ್ದರಿಂದ ನೇರ ದಾರಿಯೂ ಮುಚ್ಚಿತ್ತು. ಕ್ರಿಬಿಯೆ ತಂಡ ತೊಡೆಸಂದಿನ ಅಭಿಧಮನಿಯಿಂದ ಬಲ ಹೃತ್ಕರ್ಣಕ್ಕೆ ಹೋಗಿ, ನಡುವಿನ ಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟಿ, ಮೈಟ್ರಲ್ ಕವಾಟದ ಮೂಲಕ ಎಡ ಹೃತ್ಕುಕ್ಷಿಗೆ ಇಳಿದು, ಅಲ್ಲಿಂದ ತಿರುಗಿ ಮೇಲಕ್ಕೆ ಕೆಟ್ಟ ಕವಾಟದ ತನಕ ತಂತಿಯನ್ನು ನಡೆಸಿತು. ದನದ ಹೃದಯದ ಹೊರಪೊರೆಯಿಂದ ಕತ್ತರಿಸಿದ ಮೂರು ಎಸಳುಗಳನ್ನು ಹೊಲಿದಿದ್ದ ಸ್ಟೆಂಟ್ ಅಲ್ಲಿ ಅರಳಿತು. ಕೊರೊನರಿಗಳು ಮುಚ್ಚಲಿಲ್ಲ, ಪಕ್ಕದಿಂದ ಸ್ವಲ್ಪ ರಕ್ತ ಸೋರಿತು ಅಷ್ಟೆ. ರೋಗಿಯ ಸ್ಥಿತಿ ಕೂಡಲೇ ಸುಧಾರಿಸಿತು. ಆದರೆ ಕಾಲಿನ ತೊಂದರೆ ಹೆಚ್ಚುತ್ತ ಹೋಯಿತು. ಕಾಲು ತೆಗೆಯಬೇಕಾಯಿತು, ಗಾಯ ಮಾಯಲಿಲ್ಲ, ಸೋಂಕು ತಗಲಿತು, 17 ವಾರಗಳ ನಂತರ ಅವರು ತೀರಿಕೊಂಡರು. ನಾಲ್ಕು ತಿಂಗಳವರೆಗೆ ಕವಾಟ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಒಬ್ಬ ರೋಗಿಯ ಸಾವಿನಲ್ಲಿ ಮುಗಿದದ್ದನ್ನು ಯಶಸ್ಸು ಎನ್ನಬಹುದೇ ಎಂದು ಆಗಲೂ ಕೇಳಿದರು, ಈಗಲೂ ಕೇಳಬಹುದು. ಚಿಕಿತ್ಸೆಯ ಯಶಸ್ಸು ಎನ್ನಲು ಅದು ಸಾಲದು. ಕಲ್ಲಾದ ಕವಾಟದೊಳಗೆ ಹೊಸ ಕವಾಟ ನಿಲ್ಲುತ್ತದೆ ಎಂಬುದಕ್ಕೆ ಪುರಾವೆ ಎನ್ನಲು ಸಾಕು. ಎರಡನ್ನೂ ಒಂದೇ ಮಾಡಿ ಹೇಳಬಾರದು.

ಮುಂದಿನ ಐದಾರು ವರ್ಷ ಕೈಕೆಲಸ ಪಳಗುವುದರಲ್ಲಿ ಕಳೆದವು. ಹೃದಯದ ಗೋಡೆ ಚುಚ್ಚಿ ಸುತ್ತಿ ಬರುವ ದಾರಿ ಎಲ್ಲರ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ ಜಾನ್ ವೆಬ್ ತೊಡೆಯ ಅಪಧಮನಿಯಿಂದ ನೇರವಾಗಿ ಮೇಲೇರುವ ದಾರಿಯನ್ನು ಸರಿಪಡಿಸಿದ ಮೇಲೆ, 2005ರಿಂದಾಚೆಗೆ, ಈ ಚಿಕಿತ್ಸೆ ಒಬ್ಬಿಬ್ಬರ ಕೈಚಳಕವಾಗಿ ಉಳಿಯಲಿಲ್ಲ. ಬಲೂನು ಉಬ್ಬುವ ಕೆಲವು ಸೆಕೆಂಡು ಹೃದಯವನ್ನು ಪೇಸ್‌ಮೇಕರ್ ತಂತಿಯಿಂದ ನಿಮಿಷಕ್ಕೆ 180-200ರ ವೇಗದಲ್ಲಿ ಓಡಿಸಿದರೆ ರಕ್ತದ ರಭಸ ತಗ್ಗುತ್ತದೆ, ಕವಾಟ ಕೊಚ್ಚಿಹೋಗದೆ ಇಟ್ಟಲ್ಲೇ ಕೂರುತ್ತದೆ. ಇಂಥ ಸಣ್ಣ ಸಣ್ಣ ಉಪಾಯಗಳು ಸೇರಿಯೇ ಅಪಾಯ ಇಳಿಯಿತು. ಫ್ರೆಂಚ್ ಶಸ್ತ್ರಚಿಕಿತ್ಸಕ ಜಾಕ್ ಸೆಗ್ವಾನ್ ಕಟ್ಟಿದ ಕಂಪನಿ ಇನ್ನೊಂದು ಬಗೆ ತಂದಿತು: ನಿಟಿನಾಲ್ ಎಂಬ ಮಿಶ್ರಲೋಹದ ಚೌಕಟ್ಟು, ಮೈಯ ಬಿಸಿಗೆ ಬಲೂನಿಲ್ಲದೆ ತಾನೇ ಅರಳುತ್ತದೆ. ಕ್ರಿಬಿಯೆಯವರ ಪುಟ್ಟ ಕಂಪನಿಯನ್ನು 2004ರಲ್ಲಿ ಕೊಂಡುಕೊಂಡದ್ದು, 1960ರ ಆ ಎಂಜಿನಿಯರ್ ಎಡ್ವರ್ಡ್ಸ್ ಹೆಸರಿನ ಸಂಸ್ಥೆ. 2007ರಲ್ಲಿ ಎರಡೂ ಬಗೆಗೆ ಯುರೋಪಿನಲ್ಲಿ ಮಾರಾಟದ ಅನುಮತಿ ದೊರೆಯಿತು. ಕವಾಟವನ್ನು ತೊಡೆಯಿಂದ ಒಳಗೆ ಸಾಗಿಸುವ ಮೊದಲಿನ ಕೊಳವೆಯ ಒಳವ್ಯಾಸ ಸುಮಾರು 8 ಮಿಲಿಮೀಟರ್ ಇತ್ತು. ವಯಸ್ಸಾದವರ ತೊಡೆಯ ನಾಳ ಎಷ್ಟೋ ಸಲ ಅದಕ್ಕಿಂತ ಸಣ್ಣದು, ಹಾಗಾಗಿ ಹರಿದುಹೋಗುತ್ತಿತ್ತು.

ಇಲ್ಲಿಯವರೆಗಿನದು ಸಾಧ್ಯತೆಯ ಕಥೆ. ನಿಜವಾದ ತಿರುವು ಬಂದದ್ದು 2010ರಲ್ಲಿ, ಪಾರ್ಟ್‌ನರ್ ಎಂಬ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ. ಶಸ್ತ್ರಚಿಕಿತ್ಸೆ ಆಗದು ಎಂದು ಶಸ್ತ್ರಚಿಕಿತ್ಸಕರೇ ಬರೆದುಕೊಟ್ಟ 358 ರೋಗಿಗಳು, ಸರಾಸರಿ ವಯಸ್ಸು 83. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಟ್ಯಾವಿ, ಇನ್ನೊಂದಕ್ಕೆ ಔಷಧ ಮತ್ತು ಬೇಕಾದಲ್ಲಿ ಬಲೂನು. ಒಂದು ವರ್ಷದಲ್ಲಿ ಎರಡನೆಯ ಗುಂಪಿನ ಶೇ 50.7 ಜನ ತೀರಿಕೊಂಡರು, ಟ್ಯಾವಿ ಪಡೆದವರಲ್ಲಿ ಶೇ 30.7. ಐವರಿಗೆ ಕವಾಟ ಹಾಕಿದರೆ ಒಂದು ವರ್ಷದಲ್ಲಿ ಒಂದು ಜೀವ ಉಳಿಯುತ್ತದೆ ಎಂದಾಯಿತು. ಹೃದಯದ ಚಿಕಿತ್ಸೆಗಳಲ್ಲಿ ಇಷ್ಟು ದೊಡ್ಡ ಅಂತರ ಬಹಳ ಅಪರೂಪ. ಹೀಗೆ ಚೀಟಿ ಎತ್ತುವುದು ಕ್ರೌರ್ಯವಲ್ಲವೇ, ಸಾಯುತ್ತಿರುವ ಅರ್ಧದಷ್ಟು ಜನರಿಂದ ಒಳ್ಳೆಯ ಚಿಕಿತ್ಸೆಯನ್ನು ಕಿತ್ತುಕೊಂಡಂತಲ್ಲವೇ ಎಂದು ಕೇಳುವವರಿದ್ದಾರೆ. ಹಗುರವಾಗಿ ತಳ್ಳಿಹಾಕುವ ಪ್ರಶ್ನೆ ಅದಲ್ಲ. ಆದರೆ ಅದು ಒಳ್ಳೆಯ ಚಿಕಿತ್ಸೆ ಎಂಬುದು ಗೊತ್ತಾದದ್ದೇ ಆ ಪರೀಕ್ಷೆಯಿಂದ. 1986ರ ಬಲೂನು ಕೂಡ ಒಳ್ಳೆಯ ಚಿಕಿತ್ಸೆ ಎಂದೇ ಎಲ್ಲರೂ ನಂಬಿದ್ದರು. ಅದನ್ನು ಮೊದಲೇ ಹೀಗೆ ತೂಗಿದ್ದರೆ ಎಷ್ಟೋ ಸಾವಿರ ಜನ ಹುಸಿ ಭರವಸೆಯಿಂದ ಪಾರಾಗುತ್ತಿದ್ದರು. ಇದೇ ಪರೀಕ್ಷೆ ಟ್ಯಾವಿಯ ಹಾನಿಯನ್ನೂ ಮುಚ್ಚಿಡದೆ ಹೇಳಿತು. ಮೊದಲ 30 ದಿನಗಳಲ್ಲಿ ದೊಡ್ಡ ಪ್ರಮಾಣದ ಲಕ್ವ ಶೇ 5.0, ಇನ್ನೊಂದು ಗುಂಪಿನಲ್ಲಿ ಶೇ 1.1, ರಕ್ತನಾಳದ ತೀವ್ರ ಗಾಯ ಶೇ 16.2. ಕಂಪನಿಗಳ ತಜ್ಞರು ಹಿಂದೆ ಹೆದರಿಸಿದ್ದೆಲ್ಲ ಅಂಕಿಯಾಗಿ ಕಣ್ಣಮುಂದೆ ಬಂತು. ಅಂಕಿಯಾದದ್ದರಿಂದಲೇ ಅದನ್ನು ತಗ್ಗಿಸುವ ಕೆಲಸವೂ ಸಾಧ್ಯವಾಯಿತು.

ಮುಂದಿನ ಮೆಟ್ಟಿಲುಗಳನ್ನು ಬೇಗ ಹೇಳಬಹುದು. 2011ರಲ್ಲಿ, ಶಸ್ತ್ರಚಿಕಿತ್ಸೆ ಆಗಬಹುದು ಆದರೆ ಅಪಾಯ ಹೆಚ್ಚು ಎನ್ನುವ 699 ಜನರಲ್ಲಿ ಟ್ಯಾವಿ ಶಸ್ತ್ರಚಿಕಿತ್ಸೆಗೆ ಸರಿಸಮ ನಿಂತಿತು: ಒಂದು ವರ್ಷದ ಸಾವು ಶೇ 24.2 ಮತ್ತು 26.8. 2016ರಲ್ಲಿ ಮಧ್ಯಮ ಅಪಾಯದ 2,032 ಜನರಲ್ಲಿಯೂ ಅದೇ ಆಯಿತು. 2019ರಲ್ಲಿ ಕಡಿಮೆ ಅಪಾಯದ, ಸರಾಸರಿ 73 ವರ್ಷದ ಸಾವಿರ ಜನರ ಪರೀಕ್ಷೆ ಬಂತು. ಸಾವು, ಲಕ್ವ, ಮತ್ತೆ ಆಸ್ಪತ್ರೆ ಸೇರುವುದು, ಮೂರನ್ನೂ ಕೂಡಿಸಿದರೆ ವರ್ಷದಲ್ಲಿ ಟ್ಯಾವಿಯವರಲ್ಲಿ ಶೇ 8.5, ಶಸ್ತ್ರಚಿಕಿತ್ಸೆಯವರಲ್ಲಿ ಶೇ 15.1. ಅವರು 3 ದಿನಕ್ಕೆ ಮನೆಗೆ ಹೋದರು, ಇವರು 7 ದಿನಕ್ಕೆ. ಇಲ್ಲಿ ಏಳುವ ದೊಡ್ಡ ಆಕ್ಷೇಪ ಹಣದ್ದು: ಈ ಪರೀಕ್ಷೆಗಳಿಗೆ ದುಡ್ಡು ಕೊಟ್ಟವರು ಕವಾಟ ಮಾರುವ ಕಂಪನಿಗಳೇ. ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ ಜರ್ಮನಿಯಿಂದ 2024ರಲ್ಲಿ ಬಂತು. ಕಂಪನಿಗಳ ಹಣವಿಲ್ಲದೆ, ಸಾರ್ವಜನಿಕ ನೆರವಿನಿಂದ ನಡೆದ ಡೆಡಿಕೇಟ್ ಪರೀಕ್ಷೆಯಲ್ಲಿ 65 ದಾಟಿದ 1,414 ರೋಗಿಗಳಿದ್ದರು. ಒಂದು ವರ್ಷದಲ್ಲಿ ಸಾವು ಅಥವಾ ಲಕ್ವ ಟ್ಯಾವಿಯವರಲ್ಲಿ ಶೇ 5.4, ಶಸ್ತ್ರಚಿಕಿತ್ಸೆಯವರಲ್ಲಿ ಶೇ 10.0. ಎಪ್ಪತ್ತು ದಾಟಿದ, ಮೂರೆಸಳಿನ ಕವಾಟದ, ತೊಡೆಯ ನಾಳ ಚೆನ್ನಾಗಿರುವ ರೋಗಿಗೆ ಟ್ಯಾವಿ ಒಳ್ಳೆಯ ಆಯ್ಕೆ ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಅನುಮಾನ ಇರುವುದು ಅದರ ಕೆಳಗಿನ ಮೆಟ್ಟಿಲಿನಲ್ಲಿ. ಈಗ 55, 60ರ ವಯಸ್ಸಿನವರೂ ಎದೆ ಕೊಯ್ಯುವುದು ಬೇಡ, ತೊಡೆಯಿಂದಲೇ ಹಾಕಿ ಎನ್ನುತ್ತಾರೆ, ಹಾಕುವವರೂ ಇದ್ದಾರೆ. ಈ ವಯಸ್ಸಿನವರನ್ನು ಸಾಕಷ್ಟು ಸಂಖ್ಯೆಯಲ್ಲಿ ಸೇರಿಸಿಕೊಂಡು, ಸಾಕಷ್ಟು ಕಾಲ ಕಾದು ನೋಡಿದ ಪರೀಕ್ಷೆ ಇಲ್ಲ. ಕಡಿಮೆ ಅಪಾಯದವರ ಅದೇ 2019ರ ಪರೀಕ್ಷೆಯನ್ನು ಮುಂದುವರಿಸಿ ನೋಡಿ: ಒಂದನೆಯ ವರ್ಷ ಸಾವು ಟ್ಯಾವಿಯವರಲ್ಲಿ ಶೇ 1.0, ಶಸ್ತ್ರಚಿಕಿತ್ಸೆಯವರಲ್ಲಿ 2.5, ಐದನೆಯ ವರ್ಷದ ಹೊತ್ತಿಗೆ ಟ್ಯಾವಿಯವರಲ್ಲಿ 10.0, ಶಸ್ತ್ರಚಿಕಿತ್ಸೆಯವರಲ್ಲಿ 8.2. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ದೊಡ್ಡದಲ್ಲ, ಟ್ಯಾವಿ ಕೆಟ್ಟದ್ದು ಎಂದು ಇದು ಹೇಳುವುದೂ ಇಲ್ಲ. ಮೊದಲ ವರ್ಷದ ಮೇಲುಗೈ ಹಾಗೇ ಉಳಿಯುತ್ತದೆಂದು ನಂಬಿ ಕೂರಬಾರದು ಎಂದಷ್ಟೇ ಹೇಳುತ್ತದೆ. ಬಾಳಿಕೆಯ ವಿಷಯದಲ್ಲಿ ಸಮಾಧಾನದ ಸುದ್ದಿಯೂ ಇದೆ. ಡೆನ್ಮಾರ್ಕಿನ ನೇತೃತ್ವದ ನೋಷನ್ ಪರೀಕ್ಷೆಯಲ್ಲಿ 10 ವರ್ಷದ ನಂತರ ಟ್ಯಾವಿ ಕವಾಟಗಳು ಶಸ್ತ್ರಚಿಕಿತ್ಸೆಯ ಜೈವಿಕ ಕವಾಟಗಳಿಗಿಂತ ಹೆಚ್ಚು ಕೆಡಲಿಲ್ಲ. ಆದರೆ ಅದರಲ್ಲಿದ್ದ 280 ಜನರ ಸರಾಸರಿ ವಯಸ್ಸು 79. ಅವರಲ್ಲಿ ಹೆಚ್ಚಿನವರು ಕವಾಟಕ್ಕಿಂತ ಮೊದಲೇ ಬೇರೆ ಕಾರಣಗಳಿಂದ ತೀರಿಕೊಂಡಿದ್ದರು. 58ರ ರೋಗಿಗೆ ಇನ್ನೂ 25 ವರ್ಷದ ಆಯುಸ್ಸು ಇರಬಹುದು. ಅಷ್ಟರಲ್ಲಿ ಕವಾಟ ಒಮ್ಮೆಯಾದರೂ ಕೆಟ್ಟೇ ಕೆಡುತ್ತದೆ. ಒಳಗೆ ಇನ್ನೊಂದನ್ನು ತೂರಿಸಿದರೆ ಜಾಗ ಇನ್ನೂ ಕಿರಿದು, ಕೊರೊನರಿಯ ಬಾಯಿ ಮುಚ್ಚುವ ಭಯ. ತೆಗೆಯಲು ಹೋದರೆ ಲೋಹದ ಚೌಕಟ್ಟು ಮಹಾಪಧಮನಿಯ ಗೋಡೆಗೆ ಬೆರೆತುಹೋಗಿರುತ್ತದೆ, ಆ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಬಹಳ ಕಠಿಣ. ಜೊತೆಗೆ ಪೇಸ್‌ಮೇಕರ್‌ನ ಮಾತು: ತಾನೇ ಅರಳುವ ಕವಾಟದ 2019ರ ಪರೀಕ್ಷೆಯಲ್ಲಿ 30 ದಿನಗಳೊಳಗೆ ಶೇ 17.4 ಜನರಿಗೆ ಅದು ಬೇಕಾಯಿತು, ಶಸ್ತ್ರಚಿಕಿತ್ಸೆಯವರಲ್ಲಿ ಶೇ 6.1. ರೋಗಿಯ ಇಷ್ಟಕ್ಕೆ ಬೆಲೆ ಇಲ್ಲವೇ ಎಂದು ಕೇಳಬಹುದು. ಇದೆ, ಖಂಡಿತ ಇದೆ. ಆದರೆ ಮುಂದಿನ ಇಪ್ಪತ್ತು ವರ್ಷದ ಮಾತನ್ನು ತೆರೆದು ಹೇಳದೆ ಮೂರು ದಿನಕ್ಕೆ ಮನೆಗೆ ಹೋಗಬಹುದು ಎಂದಷ್ಟೇ ಹೇಳಿ ಪಡೆದ ಒಪ್ಪಿಗೆಯನ್ನು ರೋಗಿಯ ಇಷ್ಟ ಎಂದು ನಾನು ಒಪ್ಪಲಾರೆ.

ಭಾರತದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಆರಂಭದಿಂದ 2019ರವರೆಗಿನ ದೊಡ್ಡ ಪರೀಕ್ಷೆಗಳು ಹುಟ್ಟಿನಿಂದ ಎರಡೇ ಎಸಳಿರುವ ಕವಾಟದವರನ್ನು ಹೊರಗಿಟ್ಟಿದ್ದವು. ಅಂಥ ಕವಾಟ ಬೇಗ ಸುಣ್ಣಗಟ್ಟುತ್ತದೆ, ಚಿಕ್ಕ ವಯಸ್ಸಿನಲ್ಲೇ ಆಸ್ಪತ್ರೆಗೆ ತರುತ್ತದೆ. ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟಗಳೂ ನಮ್ಮಲ್ಲಿ ಇನ್ನೂ ಸಾಕಷ್ಟಿವೆ. ಅವುಗಳಲ್ಲಿ ಕೆಲವೊಮ್ಮೆ ಸ್ಟೆಂಟ್ ಹಿಡಿದುಕೊಳ್ಳಲು ಬೇಕಾದಷ್ಟು ಸುಣ್ಣವೇ ಇರುವುದಿಲ್ಲ. ಇಂಥ ಕಿರಿಯರಿಗೆ ಶಸ್ತ್ರಚಿಕಿತ್ಸೆಯ ಯಾಂತ್ರಿಕ ಕವಾಟ ಇಂದಿಗೂ ದೀರ್ಘ ಬಾಳಿಕೆಯ ಉತ್ತರ. ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ ನುಂಗಬೇಕು, ರಕ್ತ ಪರೀಕ್ಷೆ ತಪ್ಪಿಸಬಾರದು, ಆ ಕಷ್ಟ ಸಣ್ಣದಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ಮೂರು ಮಾದರಿ ಸೋತ ಮೇಲೆ ನಾಲ್ಕನೆಯದರಲ್ಲಿ ಗೆದ್ದು, 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದ ಚಿತ್ರಾ ಕವಾಟ ನಮ್ಮ ಬಡವರಿಗೆ ಎಟುಕುವ ಬೆಲೆಗೆ ಬಂದದ್ದು ಈ ಕಾರಣಕ್ಕೇ ದೊಡ್ಡ ಕೆಲಸ. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ನಮ್ಮ ನೆಲಕ್ಕೂ ಸೇರಿದವರು. ಟ್ಯಾವಿಯಲ್ಲೂ ದೇಶದ ಕೊಡುಗೆ ಈಗ ಇದೆ. ಗುಜರಾತಿನ ವಾಪಿಯ ಕಂಪನಿ ತಯಾರಿಸುವ ಮೈವಾಲ್ ಕವಾಟವನ್ನು ಎರಡು ವಿದೇಶಿ ಕವಾಟಗಳ ಎದುರು 768 ರೋಗಿಗಳಲ್ಲಿ ಹೋಲಿಸಿದ ಫಲಿತಾಂಶ 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 30 ದಿನಗಳ ಲೆಕ್ಕದಲ್ಲಿ ಅದು ಯಾವುದಕ್ಕೂ ಕಡಿಮೆಯಾಗಲಿಲ್ಲ. ಹೊಸ ಕವಾಟವನ್ನು ಹಾಗೆ ಹೋಲಿಕೆಗೆ ಒಡ್ಡಿದ್ದು ಸರಿಯಾದ ದಾರಿ. ಬೆಲೆ ಮಾತ್ರ ಇಂದಿಗೂ ಲಕ್ಷಗಳಲ್ಲಿದೆ. ಇಂಥ ದುಬಾರಿ ಚಿಕಿತ್ಸೆ ಬಡ ದೇಶಕ್ಕೆ ಯಾಕೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಎಂಬತ್ತರ ಅಜ್ಜಿಗೆ ಬೇರೆ ದಾರಿ ಇಲ್ಲದಿರುವಾಗ ಸರ್ಕಾರಿ ಆರೋಗ್ಯ ಯೋಜನೆಗಳ ಹಣ ಮೊದಲು ಹೋಗಬೇಕಾದದ್ದು ಆಕೆಗೆ. ಶಸ್ತ್ರಚಿಕಿತ್ಸೆ ತಾಳಿಕೊಳ್ಳಬಲ್ಲ 58ರವರ ಅನುಕೂಲ ಅದರ ನಂತರದ ಮಾತು.

ಕ್ರಿಬಿಯೆ 2024ರ ಫೆಬ್ರವರಿಯಲ್ಲಿ, 79ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಚಿಕಿತ್ಸೆ ಆಗಲೇ ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ದಿನನಿತ್ಯದ ಕೆಲಸವಾಗಿತ್ತು. ಓದುಗರಲ್ಲಿ ನನ್ನ ಕೋರಿಕೆ ಎರಡು. ಮನೆಯ ಹಿರಿಯರು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, ತಲೆ ಸುತ್ತಿ ಬಿದ್ದರೆ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿಸಿ, ಅನುಮಾನ ಬಂದರೆ ಒಂದು ಎಕೊ ಮಾಡಿಸಿ. ಕವಾಟ ಬದಲಿಸಬೇಕು ಎಂದಾದರೆ ಹೃದಯ ತಜ್ಞರನ್ನೂ ಶಸ್ತ್ರಚಿಕಿತ್ಸಕರನ್ನೂ ಇಬ್ಬರನ್ನೂ ಕಂಡು ಕೇಳಿ: ಎಸಳು ಎರಡೋ ಮೂರೋ, ಈ ವಯಸ್ಸಿನವರಲ್ಲಿ ಪರೀಕ್ಷೆ ನಡೆದಿದೆಯೋ ಇಲ್ಲವೋ, ಈ ಕವಾಟ ಕೆಟ್ಟ ದಿನ ಮುಂದೇನು ಮಾಡುತ್ತೀರಿ?